ಮೆದುಳಿನ ಸಣ್ಣ ನಾಳಗಳು: ನಾಲೆಯ ಕೊನೆ ಭಾಗಕ್ಕೆ ನೀರು ಕಡಿಮೆಯಾದಾಗ

ಕಳೆದ ಯುಗಾದಿಯ ದಿನ ದೊಡ್ಡಮ್ಮ ಹೋಳಿಗೆಗೆ ಇಟ್ಟಿದ್ದ ಕಡಲೆ ಬೇಳೆ ಪಾಯಸದ ಹಾಗೆ ನೀರಾಗಿತ್ತು. ಕಟ್ಟು ಬಸಿಯುವ ಮೊದಲೇ ಬೆಲ್ಲ ಹಾಕಿಬಿಟ್ಟಿದ್ದರು. ಐವತ್ತು ವರ್ಷ ಹಬ್ಬಹಬ್ಬಕ್ಕೂ ಹೋಳಿಗೆ ತಟ್ಟಿದ ಕೈ ಅದು. ಪಾತ್ರೆ ನೋಡುತ್ತಾ ಸುಮ್ಮನೆ ನಿಂತಿದ್ದರು. "ಎಲ್ಲಾ ಗೊತ್ತೈತಪ್ಪ, ಯಾವ್ದು ಮೊದ್ಲು ಯಾವ್ದು ಆಮ್ಯಾಲೆ ಅನ್ನೋದು ಕೈಗೆ ಬರ್ತಿಲ್ಲ" ಅಂದರು.

ನಿಜವಾಗಿಯೂ ಅವರಿಗೆ ಎಲ್ಲಾ ಗೊತ್ತಿತ್ತು. ಒಂದು ಸೇರು ಬೇಳೆಗೆ ಬೆಲ್ಲ ಎಷ್ಟು, ಕಣಕ ಎಷ್ಟು ಹೊತ್ತು ನೆನೆಯಬೇಕು, ಏಲಕ್ಕಿ ಯಾವಾಗ ಪುಡಿ ಮಾಡಬೇಕು, ಏನು ಕೇಳಿದರೂ ಸರಿಯಾಗಿ ಹೇಳಿದರು. ನನ್ನ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಅನ್ನುವುದೂ ನೆನಪಿತ್ತು. ಮರೆವಿನ ಕಾಯಿಲೆ ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ. "ವಯಸ್ಸಾಯ್ತಲ್ಲ" ಅಂತ ಸುಮ್ಮನಾದೆವು. ಅದಕ್ಕೂ ಒಂದು ವರ್ಷ ಮೊದಲಿನಿಂದ ಅವರು ನಡೆಯುವಾಗ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಬರುತ್ತಿತ್ತು. ಅದಕ್ಕೆ ಮಂಡಿ ನೋವು ಕಾರಣ ಅಂದುಕೊಂಡಿದ್ದೆವು.

ಒಂದು ಸಲ ಬಚ್ಚಲ ಮನೆಯಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟಾಗಿದೆಯಾ ಅಂತ ಎಂಆರ್‌ಐ ಮಾಡಿಸಿದೆವು. ಪೆಟ್ಟೇನೂ ಆಗಿರಲಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇತ್ತು: "ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಫಝೇಕಾಸ್ ಗ್ರೇಡ್ 2." ಮೆದುಳಿನ ಸಣ್ಣ ನಾಳಗಳಿಂದ ರಕ್ತ ಸಾಲದೆ ಬಹಳ ದಿನದಿಂದ ಆಗಿರುವ ಬದಲಾವಣೆ ಅಂತ ಅದರ ಅರ್ಥ; ಗ್ರೇಡ್ ಅಂದರೆ ಅದು ಎಷ್ಟಾಗಿದೆ ಅನ್ನುವ ಅಳತೆ. ಮೊದಲು ತೋರಿಸಿದ ಕಡೆ, "ಈ ವಯಸ್ಸಿಗೆ ಇದೆಲ್ಲ ಸಹಜ, ತಲೆ ಕೆಡಿಸಿಕೊಳ್ಳಬೇಡಿ" ಅಂದರು. ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಆರು ತಿಂಗಳು ಹಾಗೇ ಹೋಯಿತು. ಆ ಒಂದು ಸಾಲಿಗೂ, ಕೆಟ್ಟ ಹೋಳಿಗೆಗೂ, ಉಜ್ಜುವ ಚಪ್ಪಲಿಗೂ ಸಂಬಂಧ ಇದೆ ಅಂತ ನಮಗೆ ಯಾರಾದರೂ ಅವತ್ತೇ ಬಿಡಿಸಿ ಹೇಳಬೇಕಿತ್ತು. ನಿಮ್ಮ ಮನೆಯ ಹಿರಿಯರ ಫೈಲಿನಲ್ಲೂ ಅಂಥದ್ದೇ ಒಂದು ಸಾಲು ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೆದುಳಿಗೆ ರಕ್ತ ಹೋಗುವ ದಾರಿ

ಮೆದುಳಿನ ತೂಕ ಹೆಚ್ಚೆಂದರೆ ಒಂದೂಕಾಲು, ಒಂದೂವರೆ ಕಿಲೋ. ದೇಹದ ತೂಕದಲ್ಲಿ ಶೇಕಡಾ 2 ಅಷ್ಟೇ. ಆದರೆ ನಾವು ಸುಮ್ನೆ ಕೂತಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಹತ್ತಿರ ಹತ್ತಿರ ಶೇಕಡಾ 20 ಅದಕ್ಕೇ ಬೇಕು. ಸ್ನಾಯುವಿಗೆ ಇರುವಂತೆ ಅದಕ್ಕೆ ಕೂಡಿಟ್ಟುಕೊಳ್ಳುವ ಕಣಜ ಇಲ್ಲ. ಅವತ್ತಿನ ಕೂಲಿ ಅವತ್ತಿಗೆ ಅನ್ನುವಂಥ ಬದುಕು. ಹಾಗಾಗಿ ರಕ್ತ ಒಂದೇ ಸಮನೆ ಬರುತ್ತಿರಬೇಕು.

ಕುತ್ತಿಗೆಯ ಮೂಲಕ ನಾಲ್ಕು ದೊಡ್ಡ ರಕ್ತನಾಳಗಳು ಮೇಲಕ್ಕೆ ಹೋಗುತ್ತವೆ. ಮೆದುಳಿನ ತಳದಲ್ಲಿ ಅವು ಒಂದು ಬಳೆಯ ಹಾಗೆ ಸೇರಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಆ ಬಳೆಯ ಬಗ್ಗೆ ವಿವರವಾಗಿ ಬರೆದರು. ಅವರ ಹೆಸರೇ ಅದಕ್ಕೆ ಉಳಿದಿದೆ. ಬಳೆಯ ಒಂದು ಕಡೆ ಕಟ್ಟಿಕೊಂಡರೂ ಇನ್ನೊಂದು ಕಡೆಯಿಂದ ರಕ್ತ ಬರಬಹುದು. ಒಳ್ಳೆಯ ಏರ್ಪಾಡು.

ತೊಂದರೆ ಇರುವುದು ಆ ಬಳೆಯಿಂದ ಮುಂದೆ. ಅಲ್ಲಿಂದ ಕವಲೊಡೆದು ಕವಲೊಡೆದು ನಾಳಗಳು ಸಣ್ಣದಾಗುತ್ತಾ ಹೋಗುತ್ತವೆ. ಅರ್ಧ ಮಿಲಿಮೀಟರ್, ಅದಕ್ಕಿಂತ ಸಣ್ಣ, ಕೊನೆಗೆ ಒಂದೊಂದೇ ರಕ್ತಕಣ ನುಸುಳಿಕೊಂಡು ಹೋಗುವಷ್ಟು ಸಣ್ಣ. ಕೂದಲೆಳೆ ಅದರ ಮುಂದೆ ಹಗ್ಗದ ಹಾಗೆ. ಮೆದುಳಿನೊಳಗಿನ ಈ ನಾಳಗಳನ್ನೆಲ್ಲಾ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಅನ್ನುತ್ತಾರೆ. ಹೆಚ್ಚು ಕಡಿಮೆ ಬೆಂಗಳೂರಿನಿಂದ ಕಲಬುರಗಿಗೆ ಹೋಗುವಷ್ಟು ದೂರ. ಅಷ್ಟೂ ಒಂದು ತೆಂಗಿನಕಾಯಿಯಷ್ಟು ಜಾಗದಲ್ಲಿ.

ದೊಡ್ಡಪ್ಪನ ಗದ್ದೆ ಇರುವುದು ದಾವಣಗೆರೆ ಕಡೆ, ಭದ್ರಾ ನಾಲೆಯ ಕೊನೆ ಭಾಗದಲ್ಲಿ. ಅಚ್ಚುಕಟ್ಟಿನ ರೈತರಿಗೆ "ಕೊನೆ ಭಾಗ" ಅಂದರೆ ಸಾಕು, ಎಲ್ಲಾ ಅರ್ಥವಾಗುತ್ತದೆ. ಅಣೆಕಟ್ಟು ತುಂಬಿರುತ್ತದೆ. ಮುಖ್ಯ ನಾಲೆಯಲ್ಲಿ ನೀರು ಓಡುತ್ತಿರುತ್ತದೆ. ಮೇಲಿನ ಭಾಗದಲ್ಲಿ ಭತ್ತ ಹಸಿರಾಗಿರುತ್ತದೆ. ಕೊನೆ ಭಾಗದಲ್ಲಿ ಮಾತ್ರ ನೆಲ ಬಿರುಕು ಬಿಟ್ಟಿರುತ್ತದೆ. ನಾಲೆಯಲ್ಲಿ ಸ್ವಲ್ಪ ಹೂಳು ತುಂಬಿದರೂ, ತೂಬು ಸ್ವಲ್ಪ ಕೆಟ್ಟರೂ ಮೊದಲು ಒಣಗುವುದು ಅಲ್ಲೇ.

ಮೆದುಳಿಗೂ ಒಂದು ಕೊನೆ ಭಾಗ ಇದೆ. ಹೊರಗಿನ ಬೂದು ಪದರದ ಕೆಳಗೆ, ಒಳಗಡೆ, ನೀರು ತುಂಬಿದ ಕೋಣೆಗಳ ಸುತ್ತಮುತ್ತ ಇರುವ ಬಿಳಿ ಭಾಗ ಅದು. ಮೇಲಿನಿಂದ ಇಳಿಯುವ ಉದ್ದನೆಯ ಸಣ್ಣ ನಾಳಗಳು ಅಲ್ಲಿಗೆ ಬಂದು ಮುಗಿಯುತ್ತವೆ. ಅಕ್ಕಪಕ್ಕದ ನಾಳಗಳ ಜೊತೆ ಅವುಗಳಿಗೆ ಕೊಂಡಿ ಕಡಿಮೆ. ಒಂದು ಮುಚ್ಚಿದರೆ ಪಕ್ಕದ್ದು ಬಂದು ನೀರು ಕೊಡುವುದಿಲ್ಲ.

ಎಂಆರ್‌ಐ ಚಿತ್ರದಲ್ಲಿ ಹೀಗೆ ಹಾಳಾದ ಜಾಗ ಬಿಳಿ ಮಚ್ಚೆಯಾಗಿ ಕಾಣುತ್ತದೆ. ದೊಡ್ಡಮ್ಮನ ಮೆದುಳಿನಲ್ಲಿ ಆ ಮಚ್ಚೆಗಳು ಇದ್ದದ್ದು ಸರಿಯಾಗಿ ಅಲ್ಲೇ.

ನಾಳಕ್ಕೆ ಏನಾಗುತ್ತದೆ

ಸಣ್ಣ ಅಪಧಮನಿಯ ಗೋಡೆಯಲ್ಲಿ ತೆಳ್ಳನೆಯ ಸ್ನಾಯುವಿನ ಪದರ ಇರುತ್ತದೆ. ಅದೇ ತೂಬು. ನೀವು ಈಗ ಓದುತ್ತಿದ್ದೀರಲ್ಲ, ಓದುವುದಕ್ಕೆ ಬೇಕಾದ ಜಾಗದ ನಾಳಗಳು ಕ್ಷಣದಲ್ಲಿ ಸ್ವಲ್ಪ ಹಿಗ್ಗಿ ಅಲ್ಲಿಗೆ ಜಾಸ್ತಿ ರಕ್ತ ಬಿಡುತ್ತವೆ. ಎದ್ದು ನಡೆದರೆ ಬೇರೆ ಕಡೆಯ ತೂಬು ತೆರೆಯುತ್ತದೆ. ದಿನವಿಡೀ ಈ ಕೆಲಸ ನಡೆಯುತ್ತಲೇ ಇರುತ್ತದೆ.

ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಆ ಸ್ನಾಯು ನಿಧಾನಕ್ಕೆ ಸಾಯುತ್ತದೆ. ಅದರ ಜಾಗದಲ್ಲಿ ಗಾಯದ ಕಲೆಯಂಥ ನಾರು ತುಂಬಿಕೊಳ್ಳುತ್ತದೆ. ಗೋಡೆ ದಪ್ಪ ಆಗುತ್ತದೆ, ಒಳಗಿನ ತೂತು ಕಿರಿದಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಾಳ ಬಿಗಿಯಾಗಿಬಿಡುತ್ತದೆ. ತುಕ್ಕು ಹಿಡಿದ ತೂಬಿನ ಹಾಗೆ. ಬೇಕಾದಾಗ ತೆರೆಯಲು ಬರುವುದಿಲ್ಲ. ಸುಮ್ಮನೆ ಕೂತಾಗ ಸಾಕಾಗುವ ರಕ್ತ, ನಾಲ್ಕು ಕೆಲಸ ಒಟ್ಟಿಗೆ ಮಾಡುವಾಗ ಸಾಕಾಗುವುದಿಲ್ಲ.

ಹೃದಯದ ಹತ್ತಿರದ ಮಹಾಪಧಮನಿಯದ್ದೂ ಇದರಲ್ಲಿ ಪಾಲಿದೆ. ಚಿಕ್ಕ ವಯಸ್ಸಿನಲ್ಲಿ ಅದು ರಬ್ಬರಿನ ಹಾಗೆ. ಹೃದಯ ಒಮ್ಮೆ ಬಡಿದಾಗ ಹಿಗ್ಗಿ ಆ ಹೊಡೆತವನ್ನು ತಾನು ತಗೊಂಡು, ರಕ್ತವನ್ನು ಸಮನಾಗಿ ಮುಂದೆ ಬಿಡುತ್ತದೆ. ವಯಸ್ಸಾದಂತೆ, ಅದರಲ್ಲೂ ಬಿಪಿ ಮತ್ತು ಸಕ್ಕರೆ ಕಾಯಿಲೆ ಇದ್ದರೆ, ಅದು ಪಿವಿಸಿ ಪೈಪಿನ ಹಾಗೆ ಗಡುಸಾಗುತ್ತದೆ. ಆಗ ಪ್ರತಿ ಬಡಿತದ ಹೊಡೆತ ನೇರವಾಗಿ ಸಣ್ಣ ನಾಳಗಳವರೆಗೆ ಹೋಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಬೋರ್‌ವೆಲ್‌ನ ದಪ್ಪ ಪೈಪಿಗೆ ನೇರವಾಗಿ ಡ್ರಿಪ್ಪಿನ ಸಣ್ಣ ಕೊಳವೆ ಸಿಕ್ಕಿಸಿ ಮೋಟಾರ್ ಹಾಕಿದವರಿಗೆ ಇದು ಗೊತ್ತು. ಮೆದುಳಿನ ಆಳಕ್ಕೆ ಹೋಗುವ ಕೆಲವು ಸಣ್ಣ ನಾಳಗಳು ಹಾಗೇ ಇವೆ: ದೊಡ್ಡ ನಾಳದಿಂದ ಲಂಬಕೋನದಲ್ಲಿ ಒಮ್ಮೆಗೇ ಒಡೆದು, ನಡುವೆ ಒತ್ತಡ ತಗ್ಗಿಸುವ ಮಧ್ಯಮ ಗಾತ್ರದ ನಾಳವೇ ಇಲ್ಲದೆ. ಸಣ್ಣ ಪಾರ್ಶ್ವವಾಯುಗಳು, ರಕ್ತಸ್ರಾವಗಳು ಜಾಸ್ತಿ ಆಗುವುದು ಅವೇ ನಾಳಗಳಲ್ಲಿ.

ಮೂತ್ರಪಿಂಡದ ನಾಳಗಳಿಗೂ ಇದೇ ಪಾಡು. ಮೆದುಳು, ಮೂತ್ರಪಿಂಡ ಎರಡೂ ರಕ್ತಕ್ಕೆ ಬಾಗಿಲು ಅಗಲ ತೆರೆದಿಟ್ಟುಕೊಂಡ ಅಂಗಗಳು. ಆದ್ದರಿಂದಲೇ ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೊಟೀನ್ ಸೋರುತ್ತಿದೆ ಅಂತ ವರದಿ ಬಂದರೆ ತಿಳಿದ ವೈದ್ಯರು ಮೆದುಳಿನ ನಾಳಗಳ ಬಗ್ಗೆಯೂ ಯೋಚಿಸುತ್ತಾರೆ. ಕಣ್ಣಿನ ಹಿಂಬದಿಯ ಪರದೆಯಂತೂ ಒಂದು ಕಿಟಕಿಯೇ ಸರಿ. ದೇಹವನ್ನು ಕುಯ್ಯದೆ ಸಣ್ಣ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಅದು. ಸಕ್ಕರೆ ಕಾಯಿಲೆಯವರಿಗೆ, ಬಿಪಿ ಇರುವವರಿಗೆ ಕಣ್ಣಿಗೆ ಹನಿ ಹಾಕಿ ನೋಡುತ್ತಾರಲ್ಲ, ಆಗ ಕಾಣುವ ನಾಳಗಳು ಮೆದುಳಿನ ನಾಳಗಳ ಹತ್ತಿರದ ನೆಂಟರು.

ಇನ್ನೊಂದು ಕೆಲಸ ಇದೆ, ಸೋರದಂತೆ ತಡೆಯುವುದು. ರಕ್ತದಲ್ಲಿ ಇರುವುದೆಲ್ಲ ಮೆದುಳಿನೊಳಗೆ ಬರಬಾರದು. ಅದಕ್ಕೆ ನಾಳದ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ನಾಳ ಹಾಳಾದಾಗ ಆ ಹೊಲಿಗೆ ಬಿಚ್ಚುತ್ತದೆ. ಪ್ರೊಟೀನು, ನೀರು ಹೊರಗೆ ಜಿನುಗಿ ಸುತ್ತಲಿನ ಕೋಶಗಳಿಗೆ ಉರಿಯೂತ ಆಗುತ್ತದೆ. ರಕ್ತ ಸಾಲದೆ ಆಗುವ ಹಾನಿ ಒಂದು ಕಡೆ, ಈ ಸೋರಿಕೆಯಿಂದ ಆಗುವ ಹಾನಿ ಇನ್ನೊಂದು ಕಡೆ. ಸೋರಿಕೆಯೇ ಮೊದಲು ಶುರುವಾಗಬಹುದು ಅಂತ ಅನೇಕ ಸಂಶೋಧಕರು ಈಗ ಹೇಳುತ್ತಿದ್ದಾರೆ.

ಬಿಪಿ, ಸಕ್ಕರೆ ಏನೂ ಇಲ್ಲದೆ, ಬರೀ ವಂಶದಿಂದ ಈ ಸಣ್ಣ ನಾಳಗಳ ಕಾಯಿಲೆ ಬರುವುದೂ ಉಂಟು. ಕಡಾಸಿಲ್ ಅನ್ನುವ ಅಪರೂಪದ ಕಾಯಿಲೆ ಅದು. ನಾಚ್3 ಅನ್ನುವ ಜೀನಿನ ದೋಷದಿಂದ ಬರುತ್ತದೆ ಅಂತ 1996ರಲ್ಲಿ ಪತ್ತೆಯಾಯಿತು. ಮನೆಯಲ್ಲಿ ಹಲವರಿಗೆ 40-50ರ ವಯಸ್ಸಿನಲ್ಲೇ ಸ್ಟ್ರೋಕ್ ಆಗಿದ್ದರೆ, ಜೊತೆಗೆ ಮೈಗ್ರೇನ್ ಇದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಹೋಳಿಗೆ ಯಾಕೆ ಕೆಟ್ಟಿತು

ಬಿಳಿ ಭಾಗ ಅಂದರೆ ತಂತಿಗಳ ಕಟ್ಟು. ಯೋಚಿಸುವ, ನೆನಪಿಡುವ ಕೋಶಗಳು ಹೆಚ್ಚಾಗಿ ಹೊರಗಿನ ಬೂದು ಪದರದಲ್ಲಿ ಇರುತ್ತವೆ. ಅವುಗಳ ನಡುವೆ ಸುದ್ದಿ ಒಯ್ಯುವ ತಂತಿಗಳು ಒಳಗೆ ಹಾದುಹೋಗುತ್ತವೆ. ಆ ತಂತಿಗಳ ಮೇಲೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆ ಚೆನ್ನಾಗಿದ್ದರೆ ಸುದ್ದಿ ಜೋರಾಗಿ ಓಡುತ್ತದೆ. ಹೊದಿಕೆ ಹಾಕುವ ಕೋಶಗಳಿಗೆ ಮಾತ್ರ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ತಡೆಯುವುದಿಲ್ಲ. ಕೊನೆ ಭಾಗಕ್ಕೆ ನೀರು ಕಡಿಮೆಯಾದಾಗ ಮೊದಲು ಬಾಡುವ ಸಸಿಗಳು ಅವೇ.

ಹಾಗಾಗಿ ಈ ಕಾಯಿಲೆಯಲ್ಲಿ ನೆನಪಿನ ಪೆಟ್ಟಿಗೆ ಖಾಲಿ ಆಗುವುದಿಲ್ಲ. ಪೆಟ್ಟಿಗೆಯಿಂದ ತೆಗೆಯುವುದು, ಸಾಲಾಗಿ ಜೋಡಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಇವೆಲ್ಲ ನಿಧಾನ ಆಗುತ್ತವೆ, ತಪ್ಪುತ್ತವೆ. ಇದಕ್ಕೆಲ್ಲ ಮೆದುಳಿನ ಮುಂಭಾಗಕ್ಕೂ ಒಳಭಾಗಕ್ಕೂ ನಡುವೆ ಉದ್ದನೆಯ ತಂತಿಗಳು ಬೇಕು. ಹೋಳಿಗೆ ಮಾಡುವುದು ಅಂದರೆ ಒಂದೇ ಹೊತ್ತಿಗೆ ನಾಲ್ಕು ಕೆಲಸದ ಲೆಕ್ಕ ಇಡುವುದು. ಬೇಳೆ ಬೆಂದಿತಾ, ಕಟ್ಟು ಬಸಿದಾಯಿತಾ, ಕಣಕ ನೆಂದಿತಾ, ಹೆಂಚು ಕಾಯಿತಾ. ದೊಡ್ಡಮ್ಮನ ಕೈಯಲ್ಲಿ ಎಲ್ಲಾ ಮಣಿಗಳೂ ಇದ್ದವು. ಪೋಣಿಸುವ ದಾರ ಸಡಿಲವಾಗಿತ್ತು.

ಎರಡನೇ ಸಲ ನಾವು ತೋರಿಸಿದ ವೈದ್ಯರು ಇದನ್ನು ನಮ್ಮ ಕಣ್ಣೆದುರೇ ತೋರಿಸಿಕೊಟ್ಟರು. ಮೊದಲು ಮೂರು ಪದ ಹೇಳಿದರು: ಮಾವು, ಎತ್ತು, ಕೊಡೆ. ಐದು ನಿಮಿಷ ಬೇರೆ ಮಾತಾಡಿ, ಆ ಮೂರು ಪದ ಯಾವುವು ಅಂತ ಕೇಳಿದರು. ದೊಡ್ಡಮ್ಮ ಮುಖ ಮುಖ ನೋಡಿದರು. "ಒಂದು ಹಣ್ಣು" ಅಂತ ವೈದ್ಯರು ಸುಳಿವು ಕೊಟ್ಟರು. ತಕ್ಷಣ "ಮಾವು" ಅಂದರು. "ಮಳೆ ಬಂದ್ರೆ ಬೇಕು" ಅಂದಾಗ "ಕೊಡೆ" ಬಂತು. ಸುಳಿವು ಕೊಟ್ಟರೆ ನೆನಪು ಬರುತ್ತದೆ ಅಂದರೆ ನೆನಪು ಒಳಗೆ ಕೂತಿದೆ, ತೆಗೆಯುವ ದಾರಿ ಕೆಟ್ಟಿದೆ ಅಂತ ಅರ್ಥ. ಆಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸುಳಿವು ಕೊಟ್ಟರೂ ಅಷ್ಟಾಗಿ ಉಪಯೋಗ ಆಗುವುದಿಲ್ಲ, ಯಾಕೆಂದರೆ ಅಲ್ಲಿ ನೆನಪು ದಾಖಲಾಗುವುದೇ ಕಷ್ಟ. ಆಮೇಲೆ ಒಂದು ನಿಮಿಷದಲ್ಲಿ ಎಷ್ಟು ತರಕಾರಿ ಹೆಸರು ಹೇಳ್ತೀರಿ ಅಂದರು. ಸಂತೆಯಲ್ಲಿ ನಲವತ್ತು ವರ್ಷ ತರಕಾರಿ ಕೊಂಡವರು ಆರಕ್ಕೆ ನಿಂತರು. ನನಗೆ ಕಣ್ಣು ತುಂಬಿ ಬಂತು.

ಆದರೂ ಇದನ್ನು ಒಂದು ಡಬ್ಬಿ, ಆಲ್ಝೈಮರ್ಸ್ ಇನ್ನೊಂದು ಡಬ್ಬಿ ಅಂತ ಪೂರ್ತಿ ಬೇರೆ ಮಾಡುವ ಹಾಗಿಲ್ಲ. ವಯಸ್ಸಾದ ಎಷ್ಟೋ ಜನರ ಮೆದುಳಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಒಂದಿದ್ದರೆ ಇನ್ನೊಂದರ ಲಕ್ಷಣ ಬೇಗ ಹೊರಗೆ ಬರುತ್ತದೆ.

ರಿಪೋರ್ಟಿನಲ್ಲಿ ಬರೆದಿರುವುದರ ಅರ್ಥ

ಬಿಳಿ ಮಚ್ಚೆಗಳು ಹೆಚ್ಚಾಗಿ ಕಾಣುವುದು ಎಂಆರ್‌ಐನ ಫ್ಲೇರ್ ಅನ್ನುವ ಚಿತ್ರದಲ್ಲಿ. ಫಝೇಕಾಸ್ ಅನ್ನುವುದು ಆಸ್ಟ್ರಿಯಾದ ನರರೋಗ ವೈದ್ಯರ ಹೆಸರು. ಮಚ್ಚೆ ಎಷ್ಟಿದೆ ಅಂತ ಅಳೆಯಲು ಅವರ ತಂಡ 1987ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತಿದೆ. 0 ಅಂದರೆ ಇಲ್ಲ. 1 ಅಂದರೆ ಅಲ್ಲೊಂದು ಇಲ್ಲೊಂದು ಚುಕ್ಕಿ. 2 ಅಂದರೆ ಚುಕ್ಕಿಗಳು ಒಂದಕ್ಕೊಂದು ಸೇರಲು ಶುರುವಾಗಿವೆ. 3 ಅಂದರೆ ಸೇರಿ ದೊಡ್ಡ ಹರವಾಗಿವೆ.

"ವಯಸ್ಸಿಗೆ ಸಹಜ" ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನ 1,077 ಜನರ ಮೆದುಳಿನ ಚಿತ್ರ ತೆಗೆದು ನೋಡಿದರು. ಒಂದೂ ಮಚ್ಚೆ ಇಲ್ಲದವರು ಶೇಕಡಾ 5ರಷ್ಟು ಮಾತ್ರ. ಆದ್ದರಿಂದ ಎಪ್ಪತ್ತೈದರ ವಯಸ್ಸಿನಲ್ಲಿ ಗ್ರೇಡ್ 1 ಬಂತು ಅಂತ ರಾತ್ರಿ ನಿದ್ದೆ ಬಿಡಬೇಕಾಗಿಲ್ಲ. ನರೆಗೂದಲಿನ ಹಾಗೆ ಅದು. ಆದರೆ ಐವತ್ತರಲ್ಲೇ ಗ್ರೇಡ್ 2 ಬಂದರೆ, ಅಥವಾ ಎಪ್ಪತ್ತರಲ್ಲಿ ಬಂದಿದ್ದು ನಡಿಗೆ, ಕೆಲಸ ಬದಲಾಗಿದ್ದರೆ, "ಸಹಜ" ಅಂತ ಫೈಲ್ ಮುಚ್ಚಿಡಬಾರದು. ನಾವು ಮುಚ್ಚಿಟ್ಟಿದ್ದು ಅದನ್ನೇ.

ಲಕ್ಯೂನ್ ಅಂತ ಬರೆದಿದ್ದರೆ, ಸಣ್ಣ ನಾಳ ಒಂದು ಮುಚ್ಚಿಹೋಗಿ ಅದು ಸಾಕುತ್ತಿದ್ದ ಜಾಗ ಸತ್ತು, ಅಲ್ಲಿ ನೀರು ತುಂಬಿದ ಗುಂಡಿ ಉಳಿದಿದೆ ಅಂತ ಅರ್ಥ. ಗಾತ್ರ 3ರಿಂದ 15 ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದರಿಂದ ಹಿಡಿದು ಅವರೆಕಾಳಿನಷ್ಟು. ಆ ಪದಕ್ಕೆ ಮೂಲದಲ್ಲಿ ಕೊಳ, ಹೊಂಡ ಅನ್ನುವ ಅರ್ಥವೇ ಇದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯರು ಶವಪರೀಕ್ಷೆಯಲ್ಲಿ ಇವನ್ನು ನೋಡಿ ಆ ಹೆಸರು ಇಟ್ಟರು. 1960ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಿಲ್ಲರ್ ಫಿಶರ್ ಅನ್ನುವ ವೈದ್ಯರು ತೀರಿಕೊಂಡವರ ಮೆದುಳನ್ನು ತೆಳ್ಳಗೆ ಸೀಳಿ, ಸಣ್ಣ ನಾಳಗಳನ್ನು ಉದ್ದಕ್ಕೂ ಹಿಂಬಾಲಿಸಿಕೊಂಡು ಹೋಗಿ, ಯಾವ ನಾಳ ಎಲ್ಲಿ ಮುಚ್ಚಿದರೆ ಯಾವ ಲಕ್ಷಣ ಬರುತ್ತದೆ ಅಂತ ತೋರಿಸಿದರು. ಎಂಆರ್‌ಐ ಇಲ್ಲದ ಕಾಲದ ಆ ತಾಳ್ಮೆಗೆ ಕೈ ಮುಗಿಯಬೇಕು.

ಈ ಗುಂಡಿಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಆಗಿರುತ್ತವೆ. ಕೈಕಾಲು ಬಿದ್ದಿರುವುದಿಲ್ಲ, ಬಾಯಿ ಸೊಟ್ಟಗಾಗಿರುವುದಿಲ್ಲ. ಆದರೆ ಸರಿಯಾಗಿ ಕೈಕಾಲಿನ ತಂತಿಗಳು ಹಾದುಹೋಗುವ ಜಾಗದಲ್ಲಿ ಆದರೆ, ಅವರೆಕಾಳಿನಷ್ಟು ಗುಂಡಿಯೇ ಒಂದು ಇಡೀ ಪಕ್ಕವನ್ನು ಬೀಳಿಸುತ್ತದೆ. ರಕ್ತ ಕಟ್ಟಿ ಆಗುವ ಸ್ಟ್ರೋಕ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಈ ಸಣ್ಣ ನಾಳಗಳದ್ದೇ. ಕೆಲವು ಸಲ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ, ಜನ "ವಾಯು ಆಗಿತ್ತು, ಬಿಸಿನೀರು ಕುಡಿದ ಮೇಲೆ ಹೋಯ್ತು" ಅಂತಾರೆ. ಹಾಗೆ ಬಿಡಲೇಬಾರದು. ಮುಖ ವಾಲಿದರೆ, ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಗಡುವು. ಅಷ್ಟರೊಳಗೆ ಸ್ಕ್ಯಾನ್ ಕೂಡ ಆಗಬೇಕು.

ಮೈಕ್ರೋಬ್ಲೀಡ್ ಅಂದರೆ ನಾಳದಿಂದ ರಕ್ತ ಜಿನುಗಿ ಉಳಿದ ಕಪ್ಪು ಚುಕ್ಕಿ. ಎಸ್‌ಡಬ್ಲ್ಯುಐ ಅನ್ನುವಂಥ ವಿಶೇಷ ಚಿತ್ರ ತೆಗೆದರಷ್ಟೇ ಕಾಣುತ್ತದೆ. ಅದು ಎಲ್ಲಿದೆ ಅನ್ನುವುದು ಮುಖ್ಯ. ಮೆದುಳಿನ ಆಳದಲ್ಲಿದ್ದರೆ ಸಾಮಾನ್ಯವಾಗಿ ಬಿಪಿಯ ಕೆಲಸ. ಬರೀ ಹೊರ ಅಂಚಿನಲ್ಲಿದ್ದರೆ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಅನ್ನುವ ಪ್ರೊಟೀನ್ ಕೂತಿರಬಹುದು. ಆಲ್ಝೈಮರ್ಸ್‌ನಲ್ಲಿ ಸೇರಿಕೊಳ್ಳುವ ಪ್ರೊಟೀನ್ ಅದೇ. ಇಂಥವರಿಗೆ ರಕ್ತ ತೆಳು ಮಾಡುವ ಔಷಧಿ ಕೊಡುವಾಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಹೊಸ ವೈದ್ಯರ ಹತ್ತಿರ ಹೋಗುವಾಗ ಹಳೆಯ ಎಂಆರ್‌ಐ ಫಿಲ್ಮನ್ನು ತಗೊಂಡು ಹೋಗಿ ಅನ್ನುವುದು ಅದಕ್ಕೇ.

ಮನೆಯಲ್ಲಿ ಕಣ್ಣಿಗೆ ಬೀಳುವುದು

ಸ್ಕ್ಯಾನ್‌ಗಿಂತ ಮೊದಲು ಕಾಣಿಸುವುದು ಮನೆಯವರಿಗೆ. ಮೊದಲು ನಡಿಗೆ. ಹೆಜ್ಜೆ ಗಿಡ್ಡ ಆಗುತ್ತದೆ, ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ, ತಿರುಗುವಾಗ ತಡವರಿಸುತ್ತಾರೆ. ನೋಡಿದವರು ಪಾರ್ಕಿನ್ಸನ್ಸ್ ಅನ್ನುವ ನಡುಕದ ಕಾಯಿಲೆ ಅಂದುಕೊಳ್ಳುತ್ತಾರೆ. ಆದರೆ ಕೈ ನಡುಕ ಸಾಮಾನ್ಯವಾಗಿ ಇರುವುದಿಲ್ಲ, ನಡೆಯುವಾಗ ಕೈ ಚೆನ್ನಾಗಿಯೇ ಬೀಸುತ್ತಾರೆ. ತೊಂದರೆ ಎಲ್ಲಾ ಸೊಂಟದಿಂದ ಕೆಳಗೆ.

ಮೂತ್ರದ ಅವಸರ ಇನ್ನೊಂದು. ಬಂತು ಅನ್ನುವಷ್ಟರಲ್ಲಿ ಓಡಬೇಕು. ಹೆಜ್ಜೆ ಮೊದಲೇ ನಿಧಾನ, ಅವಸರದಲ್ಲಿ ಓಡಲು ಹೋಗಿ ಬೀಳುತ್ತಾರೆ. ದೊಡ್ಡಮ್ಮ ಬಿದ್ದದ್ದೂ ಹಾಗೇ. ನಾಚಿಕೆಯಿಂದ ಅದನ್ನು ನಮಗೆ ಹೇಳಿರಲಿಲ್ಲ.

ಮನೆಯವರನ್ನು ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ನಿರಾಸಕ್ತಿ. ಮೊಮ್ಮಕ್ಕಳು ಬಂದರೂ ಏಳುವುದಿಲ್ಲ. ಟಿವಿ ಹಾಕಿದರೆ ನೋಡುತ್ತಾರೆ, ಆರಿಸಿದರೆ ಕೇಳುವುದಿಲ್ಲ. ಪಕ್ಕದ ಮನೆಯವರು ಕರೆದರೆ "ಆಮೇಲೆ" ಅಂತಾರೆ. "ಸೋಮಾರಿತನ", "ಬೇಕಂತಲೇ ಹೀಗೆ ಮಾಡ್ತಾರೆ" ಅಂತ ಮನೆಯಲ್ಲಿ ಜಗಳ ಶುರುವಾಗುತ್ತದೆ. ನಾನೂ ಒಂದು ಸಲ ಗದರಿದ್ದೇನೆ. ಕೆಲಸ ಶುರು ಮಾಡುವ ಹುಮ್ಮಸ್ಸನ್ನು ಕೊಡುವ ತಂತಿಗಳೂ ಅದೇ ಕೊನೆ ಭಾಗದಲ್ಲಿ ಹಾದುಹೋಗುತ್ತವೆ ಅಂತ ತಿಳಿದ ಮೇಲೆ ಆ ದಿನವನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ. ಅವರು ಬೇಕಂತ ಮಾಡುತ್ತಿರಲಿಲ್ಲ. ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರೆ ಸಂತೋಷವಾಗಿಯೇ ಬರುತ್ತಾರೆ. ತಾವಾಗಿ ಶುರು ಮಾಡುವುದು ಮಾತ್ರ ಆಗುವುದಿಲ್ಲ.

ಬಿಪಿಯ ಮಾತ್ರೆ

ದೊಡ್ಡಮ್ಮನಿಗೆ ಬಿಪಿ ಇದೆ ಅಂತ ಗೊತ್ತಾದದ್ದು 52ರ ವಯಸ್ಸಿನಲ್ಲಿ. ಮೂರು ತಿಂಗಳು ಮಾತ್ರೆ ತಗೊಂಡರು. ಅಳೆಸಿದಾಗ ಸರಿಯಾಗಿತ್ತು. "ಸರಿ ಹೋಯ್ತಲ್ಲ" ಅಂತ ಬಿಟ್ಟರು. ಒಂದು ಸಲ ಶುರು ಮಾಡಿದರೆ ಸಾಯೋವರೆಗೂ ನುಂಗಬೇಕು ಅನ್ನುವ ಭಯ ಬೇರೆ. ಮಾತ್ರೆಯಿಂದಲೇ ಸರಿಯಾಗಿತ್ತು, ಬಿಟ್ಟರೆ ಮತ್ತೆ ಏರುತ್ತದೆ ಅನ್ನುವುದನ್ನು ಯಾರೂ ಕೂತು ಹೇಳಲಿಲ್ಲ. ಈಗ ಅವರಿಗೆ 74. ನಡುವಿನ ಇಪ್ಪತ್ತು ವರ್ಷ ತಲೆನೋವು ಇಲ್ಲ, ತಲೆಸುತ್ತು ಇಲ್ಲ. ಬಿಪಿ ಹೆಚ್ಚಿನವರಿಗೆ ನೋವನ್ನೇ ಕೊಡುವುದಿಲ್ಲ. ಅದಕ್ಕೇ ಅದು ಅಷ್ಟು ಹಾಳು ಮಾಡುತ್ತದೆ.

ಬಿಪಿ ಇಳಿಸಿದರೆ ಮೆದುಳಿಗೆ ನಿಜವಾಗಿ ಲಾಭ ಇದೆಯಾ? ಅಮೆರಿಕದಲ್ಲಿ ಸ್ಪ್ರಿಂಟ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. 50 ದಾಟಿದ, ಬಿಪಿ ಇದ್ದ 9,361 ಜನ. ಅರ್ಧ ಜನರಿಗೆ ಮೇಲಿನ ಬಿಪಿಯನ್ನು 140ರ ಒಳಗೆ ಇಡುವ ಗುರಿ, ಇನ್ನರ್ಧ ಜನರಿಗೆ 120ರ ಒಳಗೆ. ಮೆದುಳಿನ ಫಲಿತಾಂಶ 2019ರಲ್ಲಿ ಹೊರಬಂತು. 120ರ ಗುಂಪಿನಲ್ಲಿ ಮರೆವಿನ ಕಾಯಿಲೆಗೆ ಮುಂಚಿನ ಹಂತ, ಅಂದರೆ ಯೋಚನಾಶಕ್ತಿ ಸ್ವಲ್ಪ ಕುಗ್ಗುವುದು, ಶೇಕಡಾ 19ರಷ್ಟು ಕಡಿಮೆ ಇತ್ತು. ಪೂರ್ತಿ ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತು, ಆದರೆ ಅದು ಖಚಿತ ಅಂತ ಹೇಳಲು ಸಂಖ್ಯೆ ಸಾಲಲಿಲ್ಲ. ಕೆಲವರಿಗೆ ಮೊದಲೂ ಕೊನೆಗೂ ಎಂಆರ್‌ಐ ಮಾಡಿದ್ದರು. ಬಿಳಿ ಮಚ್ಚೆ ಎರಡೂ ಗುಂಪಿನಲ್ಲಿ ಬೆಳೆದಿತ್ತು. 140ರ ಗುಂಪಿನಲ್ಲಿ ಸುಮಾರು 1.45 ಘನ ಸೆಂಟಿಮೀಟರ್, 120ರ ಗುಂಪಿನಲ್ಲಿ 0.92.

ನಿಲ್ಲಲಿಲ್ಲ, ನಿಧಾನವಾಯಿತು. ಈ ಕಾಯಿಲೆಯಲ್ಲಿ ಅದೇ ದೊಡ್ಡ ಸಂಗತಿ ಅಂತ ನನಗೆ ಅನ್ನಿಸುತ್ತದೆ. ಸತ್ತ ಜಾಗವನ್ನು ಮತ್ತೆ ಬದುಕಿಸುವ ಔಷಧಿ ಇವತ್ತಿಗೆ ಇಲ್ಲ. ಬ್ರಿಟನ್ನಿನಲ್ಲಿ 363 ರೋಗಿಗಳ ಮೇಲೆ ಸಿಲೋಸ್ಟಜೋಲ್, ಐಸೋಸಾರ್ಬೈಡ್ ಅನ್ನುವ ಎರಡು ಹಳೆಯ ಔಷಧಿಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಮಾಡಿದರು. ಭರವಸೆ ಕಂಡಿದೆ, ದೊಡ್ಡ ಪ್ರಯೋಗ ಆಗದೆ ಏನೂ ಹೇಳಲಾಗದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹಿಡಿತದಲ್ಲಿ ಇಡುವುದು, ಬೀಡಿ ಸಿಗರೇಟು ಬಿಡಿಸುವುದು, ನಡೆಯುವುದು.

ಎಲ್ಲರ ಬಿಪಿಯನ್ನೂ 120ಕ್ಕೆ ಇಳಿಸಿ ಅಂತ ಇದರ ಅರ್ಥ ಅಲ್ಲ. ಸ್ಪ್ರಿಂಟ್‌ನಲ್ಲಿ ಸಕ್ಕರೆ ಕಾಯಿಲೆಯವರು, ಮೊದಲೇ ಸ್ಟ್ರೋಕ್ ಆದವರು ಇರಲಿಲ್ಲ. ತುಂಬಾ ವಯಸ್ಸಾದವರಿಗೆ ಬಿಪಿ ಜಾಸ್ತಿ ಇಳಿದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುತ್ತಾರೆ. ನಿಮ್ಮ ಮನೆಯವರಿಗೆ ಎಷ್ಟು ಸರಿ ಅನ್ನುವುದನ್ನು ವೈದ್ಯರೇ ಹೇಳಬೇಕು. ಕೂತಾಗ ಒಂದು ಸಲ, ನಿಂತ ಮೇಲೆ ಒಂದು ಸಲ ಬಿಪಿ ನೋಡಿ ಅಂತ ನೀವೇ ಕೇಳಿ.

ಆಸ್ಪಿರಿನ್ ಬಗ್ಗೆ ಒಂದು ಮಾತು. ರಿಪೋರ್ಟಿನಲ್ಲಿ ಬಿಳಿ ಮಚ್ಚೆ ನೋಡಿ "ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳಿ" ಅಂತ ಮೆಡಿಕಲ್ ಶಾಪಿನಲ್ಲಿ, ನೆಂಟರ ಮನೆಯಲ್ಲಿ ಹೇಳುವವರು ಬೇಕಾದಷ್ಟು ಜನ. ಸಣ್ಣ ನಾಳದ ಸ್ಟ್ರೋಕ್ ಆದ 3,020 ಜನರಿಗೆ ಒಂದು ಮಾತ್ರೆಯ ಬದಲು ಎರಡು ಬಗೆಯ ಮಾತ್ರೆ ದೀರ್ಘಕಾಲ ಕೊಟ್ಟು ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಅಂಥಾ ಕಡಿಮೆ ಆಗಲಿಲ್ಲ, ರಕ್ತಸ್ರಾವ ಜಾಸ್ತಿ ಆಯಿತು. ಈ ನಾಳಗಳು ಕಟ್ಟಿಕೊಳ್ಳಲೂಬಹುದು, ಸೋರಲೂಬಹುದು. ಸ್ಟ್ರೋಕ್ ಆದವರಿಗೆ ವೈದ್ಯರು ಬರೆದುಕೊಟ್ಟದ್ದನ್ನು ಬಿಡಬೇಡಿ. ಬರೆಯದೇ ಇದ್ದರೆ ಸ್ವಂತ ಬುದ್ಧಿಯಿಂದ ಶುರು ಮಾಡಬೇಡಿ.

ಬಿಪಿ ಅಳೆಯುವುದರಲ್ಲೂ ನಾವು ತುಂಬಾ ತಪ್ಪು ಮಾಡುತ್ತೇವೆ. ಆಟೋ ಇಳಿದು, ಮೆಟ್ಟಿಲು ಹತ್ತಿ, ಏದುಸಿರಲ್ಲೇ ಕೈ ಚಾಚಿ ಅಳೆದರೆ ಜಾಸ್ತಿ ಬಂದೇ ಬರುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟದಲ್ಲಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಇಲ್ಲ. ಮೂತ್ರ ಕಟ್ಟಿಕೊಂಡಿರಬಾರದು. ಅಳೆಯುವಾಗ ಮಾತಿಲ್ಲ. ಎರಡು ಸಲ ನೋಡಿ ಬರೆದಿಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ.

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚಕ್ಕಿಂತ ಕಡಿಮೆ. ನಮ್ಮ ಮನೆಗಳಲ್ಲಿ ಸಾರಿನ ಉಪ್ಪಿಗಿಂತ ಪಕ್ಕದಲ್ಲಿ ಬಡಿಸುವುದರ ಲೆಕ್ಕ ಯಾರೂ ಇಡುವುದಿಲ್ಲ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಸೈಂಧವ ಲವಣ ತಿಂದರೆ ಪರವಾಗಿಲ್ಲ ಅನ್ನುವುದು ತಪ್ಪು. ಅದರಲ್ಲೂ ಇರುವುದು ಮುಖ್ಯವಾಗಿ ಅದೇ ಸೋಡಿಯಂ ಕ್ಲೋರೈಡ್.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಮೆದುಳಿಗೆ ವಯಸ್ಸಾಗುವುದರ ಬಗ್ಗೆ ನಾವು ಓದುವುದೆಲ್ಲ ಹೆಚ್ಚಾಗಿ ಯೂರೋಪು, ಅಮೆರಿಕದ ಜನರನ್ನು ನೋಡಿ ಬರೆದದ್ದು. ನಮ್ಮ ಊಟ, ದುಡಿಮೆ, ಓದು ಎಲ್ಲಾ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷ ವರ್ಷ ಹಿಂಬಾಲಿಸಿ ನೋಡುತ್ತಿದ್ದಾರೆ. ಗುರಿ 10,000 ಜನ. ರಕ್ತ, ನಡಿಗೆ, ನೆನಪು, ಮೆದುಳಿನ ಎಂಆರ್‌ಐ ಎಲ್ಲವನ್ನೂ ನೋಡುತ್ತಾರೆ. ಮಾವಿನ ತೋಟದಲ್ಲಿ ದುಡಿದ, ಶಾಲೆಗೆ ಹೋಗದ ರೈತರ ಮೆದುಳಿನ ಸಣ್ಣ ನಾಳಗಳು ಹೇಗಿವೆ ಅನ್ನುವುದು ಇಂಥ ಕೆಲಸದಿಂದ ಮಾತ್ರ ತಿಳಿಯಬೇಕು.

2023ರಲ್ಲಿ ಬಂದ ರಾಷ್ಟ್ರಮಟ್ಟದ ಅಂದಾಜಿನಲ್ಲಿ, ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಜನರಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಶುರು ಮಾಡಿವೆ. ನಡಿಗೆ ಬದಲಾಗಿದೆ, ಕೆಲಸದ ಸಾಲು ತಪ್ಪುತ್ತಿದೆ ಅನ್ನಿಸಿದರೆ ಮೊದಲು ಅಲ್ಲಿ ಕೇಳಬಹುದು.

ದೊಡ್ಡಮ್ಮ ಈಗ ದಿನಾ ಬೆಳಿಗ್ಗೆ ಮಾತ್ರೆ ತಗೊಳ್ಳುತ್ತಾರೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ತಾವೇ ಗೀಟು ಹಾಕುತ್ತಾರೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದೇವೆ. ಸಂಜೆ ದೊಡ್ಡಪ್ಪ ಕೈ ಹಿಡಿದು ಎಬ್ಬಿಸಿ ಗುಡಿಯವರೆಗೆ ನಡೆಸಿಕೊಂಡು ಹೋಗುತ್ತಾರೆ. ಅಡುಗೆಮನೆ ಗೋಡೆಗೆ ಅತ್ತಿಗೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಅಂಟಿಸಿದ್ದಾರೆ. ಒಂದು, ಕಣಕ ನೆನೆಸು. ಎರಡು, ಬೇಳೆ ಬೇಯಿಸು. ಮೂರು, ಕಟ್ಟು ಬಸಿ. ನಾಲ್ಕು, ಬೆಲ್ಲ ಹಾಕು. ಶ್ರಾವಣದಲ್ಲಿ ಹೋಳಿಗೆ ಮಾಡಿದಾಗ ದೊಡ್ಡಮ್ಮ ಚೀಟಿ ನೋಡಿ ನೋಡಿ ಮಾಡಿದರು. ಹೊತ್ತು ಹಿಡಿಯಿತು, ಆದರೆ ಹೂರಣ ಗಟ್ಟಿಯಾಗಿತ್ತು. ಮೂರನೇ ಸಾಲಿನ ಕೆಳಗೆ ಅವರೇ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದಾರೆ.